ಹರಿಹರಕ್ಕೆ ಹೊರಟ ಜಂಬಲಾಯ

ದಾವಣಗೆರೆಯ ಹತ್ತಿ ಮಂಡಿಯಲ್ಲಿ ಲಾರಿ ಓಡಿಸುತ್ತಿದ್ದ ಮೈಲಾರಲಿಂಗಪ್ಪನಿಗೆ ಕುಡಿತವಿರಲಿಲ್ಲ, ಇಸ್ಪೀಟಿರಲಿಲ್ಲ. ಇದ್ದದ್ದು ಒಂದೇ ಚಟ. ಉಣ್ಣಲು ಕೂತಾಗೆಲ್ಲ ಜಂಬಲಾಯದ ಮಾತು ತೆಗೆಯುತ್ತಿದ್ದ.

ಯುದ್ಧದ ಕಾಲದಲ್ಲಿ ಅವನು ಮಿಲಿಟರಿ ಸೇರಿ ಅಸ್ಸಾಮಿನಲ್ಲಿ ಲಾರಿ ಓಡಿಸಿದ್ದ. ಕಾಡು ಕಡಿದು ಬರ್ಮಾಕ್ಕೆ ರಸ್ತೆ ಮಾಡುತ್ತಿದ್ದ ದಿನಗಳವು. ಅಲ್ಲಿ ಅಮೆರಿಕದ ಪಡೆಯಲ್ಲಿ ಲೂಯಿ ಅಂತ ಒಬ್ಬ ಡ್ರೈವರ್ ಇದ್ದ. ನಮ್ಮ ಕಡೆಯವರಷ್ಟೇ ಕಪ್ಪು, ಬಾಗಿಲಿಗೆ ತಲೆ ತಾಗುವಂಥ ಆಳು. ತಾವು ಅಮೆರಿಕದ ದಕ್ಷಿಣ ಕರಾವಳಿಯ ಕ್ರಿಯೋಲ್ ಜನ, ಇದು ತನ್ನ ತಾಯಿಯ ಅಡಿಗೆ, ಜಂಬಲಾಯ ಅಂತ ಹೇಳಿ, ಕೋಳಿ, ಸಿಗಡಿ, ಈರುಳ್ಳಿ, ಟಮೋಟ, ಖಾರ, ಅಕ್ಕಿ ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ ಬೇಯಿಸಿ ಕೊಟ್ಟಿದ್ದ. ಯುದ್ಧ ಮುಗಿಯಿತು, ದೇಶಕ್ಕೆ ಸ್ವಾತಂತ್ರ್ಯ ಬಂತು, ಒಂದು ಚುನಾವಣೆಯೂ ಆಯಿತು. ಮೈಲಾರಲಿಂಗಪ್ಪನ ನಾಲಿಗೆ ಮಾತ್ರ ಇನ್ನೂ ಅಸ್ಸಾಮಿನಲ್ಲೇ ಇತ್ತು.

ಇದನ್ನು ಸಹಿಸಿಕೊಂಡವಳು ಅವನ ಹೆಂಡತಿ ಕೊಟ್ರವ್ವ. ದಾವಣಗೆರೆಯ ಮಗ್ಗುಲಲ್ಲಿದ್ದ ಅವರ ಊರು ಆವರಗೆರೆಯಲ್ಲಿ ಅವಳ ಕೈರುಚಿಯನ್ನು ಹೊಗಳದವರಿರಲಿಲ್ಲ. ಒಂದು ಮಧ್ಯಾಹ್ನ ಮುದ್ದೆ, ಕೋಳಿ ಸಾರು ಮಾಡಿ ಬಡಿಸಿದಳು. ಅತ್ತೆ ಕಾಳವ್ವ ಎರಡನೇ ಸಲ ಸಾರು ಹಾಕಿಸಿಕೊಂಡಳು. ಮೈಲಾರಲಿಂಗಪ್ಪ ಬೆರಳು ನೆಕ್ಕಿ ಹೇಳಿದ:

“ಚೆನ್ನಾಗೈತೆ. ಆದ್ರ ಆ ಜಂಬಲಾಯದ ಮುಂದೆ...”

ಕೊಟ್ರವ್ವ ಸೌಟನ್ನು ಸಾರಿನೊಳಗೇ ಬಿಟ್ಟಳು. ಒಳಗೆ ಹೋಗಿ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಬಂದಳು.

“ನಾನು ಹರಿಹರಕ್ಕೆ, ನನ್ನ ತಮ್ಮನ ಮನಿಗೆ ಹೊಂಟೀನಿ. ನೀವು ಅದನ್ನ ಮಾಡಿ ತಂದು ನನಗ ಉಣ್ಣಿಸ್ರಿ, ಆಮೇಲೆ ನಾನು ಈ ಮನಿ ಹೊಸ್ತಿಲು ತುಳೀತೀನಿ.”

ಮೈಲಾರಲಿಂಗಪ್ಪ ನಗಲು ಬಾಯಿ ತೆರೆದ. ಅಷ್ಟರಲ್ಲಿ ಕಾಳವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. “ತಡಿಯವ್ವ, ನಾನೂ ಬರ್ತೀನಿ.”

“ನೀ ಯಾಕ ಹೋಗ್ತೀಯವ್ವ?” ಅಂದ ಮಗ.

“ಇನ್ನೇನು, ನೀ ಮಾಡಿದ್ದು ಉಂಡು ಸಾಯ್ಲೇನು?”

ಅತ್ತೆ ಸೊಸೆ ಇಬ್ಬರೂ ಒಂದೇ ಬಸ್ಸಿಗೆ ಹೋದರು.

ಎರಡು ದಿನ ಮೈಲಾರಲಿಂಗಪ್ಪ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯಲ್ಲಿ ಹೊಟ್ಟೆ ಹೊರೆದ. ಮೂರನೆಯ ದಿನ ಹಟ ಬಂತು. ಲಾರಿಯ ಎಂಜಿನ್ ಬಿಚ್ಚಿ ಮತ್ತೆ ಕೂಡಿಸುವವನಿಗೆ ಒಂದು ಪಾತ್ರೆ ಅನ್ನ ಎಷ್ಟರದು? ಲೂಯಿ ಹಾಕುತ್ತಿದ್ದ, ಕರುಳಿಗೆ ಮಾಂಸ ತುಂಬಿ ಹೊಗೆ ಹಾಕಿದ್ದೊಂದು ಬಿಟ್ಟರೆ ಮಿಕ್ಕದ್ದೆಲ್ಲ ಸಿಕ್ಕಿತು. ಆ ಹೊಗೆ ಮಾಂಸದ ಬದಲು ಸಾಬರ ಅಂಗಡಿಯಲ್ಲಿ ಖೈಮಾ ತಂದ. ಸಂತೆಯಲ್ಲಿ ಒಣ ಸಿಗಡಿ ತಂದ. ಬ್ಯಾಡಗಿ ಮೆಣಸಿನಕಾಯಿ ಮನೆಯಲ್ಲೇ ಇತ್ತು.

ಮೊದಲ ಸಲ ಎಲ್ಲವನ್ನೂ ಒಟ್ಟಿಗೆ ದಬರಿಗೆ ಸುರಿದು ಒಲೆಗೆ ಸೌದೆ ತುಂಬಿದ. ತಳ ಇದ್ದಿಲಾಯಿತು, ಮೇಲೆ ಅಕ್ಕಿ ಅಕ್ಕಿಯಾಗೇ ಉಳಿಯಿತು. ಪಕ್ಕದ ಮನೆಯ ಹೊನ್ನಕ್ಕ ಗೋಡೆಯ ಮೇಲಿಂದ ಇಣುಕಿದಳು.

“ಮೈಲಾರಪ್ಪ, ಏನ್ ಸುಡಾಕತ್ತೀಯೋ? ಟೈರಾ?”

“ಅಡಿಗಿ ಅಕ್ಕಾ, ಅಡಿಗಿ.”

“ಹಂಗಾದ್ರ ಟೈರೇ ವಾಸಿ” ಅಂದು ಹೊನ್ನಕ್ಕ ಒಣಗಲು ಹಾಕಿದ್ದ ಬಟ್ಟೆ ತೆಗೆದುಕೊಂಡು ಒಳಗೆ ಹೋದಳು.

ಎರಡನೆಯ ಸಲ ಹೆದರಿ ನೀರು ಜಾಸ್ತಿ ಹುಯ್ದ. ನಿಮಿಷಕ್ಕೊಮ್ಮೆ ಬಾನೆಟ್ ಎತ್ತಿದ ಹಾಗೆ ಮುಚ್ಚಳ ಎತ್ತಿ ಕಲಕಿದ. ಅದು ಕೆಂಪು ಅಂಬಲಿಯಾಯಿತು. ಬೀದಿಯ ನಾಯಿ ಒಂದು ಬಾಯಿ ತಿಂದು, ಖಾರ ತಡೆಯಲಾರದೆ ಚರಂಡಿಯತ್ತ ಓಡಿತು.

ಅಂದು ಅಂಗಳದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಾಗ ಅವನಿಗೆ ಲೂಯಿಯ ಕೈ ಕಣ್ಣಿಗೆ ಕಟ್ಟಿತು. ಲೂಯಿ ಮೊದಲು ಕೋಳಿಯನ್ನು ಪಾತ್ರೆಯ ತಳಕ್ಕೆ ಹತ್ತುವವರೆಗೆ ಹುರಿಯುತ್ತಿದ್ದ. ಆಮೇಲೆ ಈರುಳ್ಳಿ ಹಾಕಿ ಆ ಹತ್ತಿದ್ದನ್ನೆಲ್ಲ ಕೆರೆದು ಬಿಡಿಸುತ್ತಿದ್ದ. ಅಕ್ಕಿ, ನೀರು ಬಿದ್ದ ಮೇಲೆ ಮುಚ್ಚಳ ಮುಟ್ಟಿದವರ ಕೈಗೆ ಏಟು ಹಾಕುತ್ತಿದ್ದ. ಮೈಲಾರಲಿಂಗಪ್ಪ ಮತ್ತೆ ಹಾಗೆಯೇ ಮಾಡಿದ. ತನ್ನ ಕೈಯ ಮೇಲೆ ತನಗೇ ನಂಬಿಕೆಯಿಲ್ಲದೆ ಮುಚ್ಚಳದ ಮೇಲೆ ಲಾರಿಯ ಜಾಕ್ ತಂದಿಟ್ಟ.

ಜಾಕ್ ಇಳಿಸಿ ನೋಡಿದರೆ ಅನ್ನ ಕೆಂಪಗೆ, ಅಗುಳು ಅಗುಳಾಗಿ ಅರಳಿತ್ತು. ಒಂದು ತುತ್ತು ಬಾಯಿಗಿಟ್ಟ. ಕಣ್ಣಲ್ಲಿ ನೀರು ಬಂತು. ಖಾರಕ್ಕೋ ಖುಷಿಗೋ ತಿಳಿಯಲಿಲ್ಲ. ದಬರಿಯನ್ನು ಕಂಬಳಿಯಲ್ಲಿ ಸುತ್ತಿ ಹರಿಹರದ ಬಸ್ಸು ಹತ್ತಿದ.

ಮಡಿಲಲ್ಲಿ ಹಿಡಿದು ಸುಮ್ಮನೆ ಕೂತಿದ್ದರೆ ಎಲ್ಲ ಸರಿಹೋಗುತ್ತಿತ್ತು. ನಡುದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಬಸ್ಸು ನಿಂತಿತು. ಗಾಳಿ ಆಡದೆ ವಾಸನೆ ಬಸ್ಸಿನ ತುಂಬ ಹರಡಿತು.

“ಏನ್ರೀ ಅದು, ಬಿರಿಯಾನಿನಾ?” ಅಂದ ಕಂಡಕ್ಟರ್ ಪಾಲಯ್ಯ.

“ಬಿರಿಯಾನಿ ಇದರ ಮುಂದೆ ಏನ್ರೀ? ಇಂಥಾದ್ದು ಇಡೀ ಮೈಸೂರು ರಾಜ್ಯದಾಗ ಯಾರೂ ತಿಂದಿಲ್ಲ.”

“ಹೇಳಾಕೇನು, ಎಲ್ರೂ ಹೇಳ್ತಾರ” ಅಂದ ಮಾಯಕೊಂಡದ ಹತ್ತಿ ವ್ಯಾಪಾರಿ ಬಂಗಾರಪ್ಪ.

ಮೈಲಾರಲಿಂಗಪ್ಪನಿಗೆ ರೇಗಿತು. “ಹಿಡೀರಿ ಕೈ!” ಅಂತ ಬಂಗಾರಪ್ಪನಿಗೆ ಒಂದು ಹಿಡಿ ಹಾಕಿದ. ಬಂಗಾರಪ್ಪ ತಿಂದ, ‘ಹಾ ಹಾ’ ಅಂತ ಬಾಯಿಗೆ ಗಾಳಿ ಎಳೆದುಕೊಂಡ, ಇನ್ನೊಂದು ಕೈ ಚಾಚಿದ. ಪಾಲಯ್ಯ ಚಾಚಿದ. ಹಿಂದಿನ ಸೀಟಿನಿಂದ ಕೈಗಳು ಬಂದವು. ಡ್ರೈವರ್ ಕೂಡ ಇಳಿದು ಕಿಟಕಿಯಲ್ಲಿ ಕೈ ತೂರಿಸಿದ. ಪ್ರತಿಯೊಬ್ಬನೂ ಹೊಗಳಿದ, ಹೊಗಳಿದವನಿಗೆ ಇಲ್ಲ ಅನ್ನುವುದು ಮೈಲಾರಲಿಂಗಪ್ಪನಿಗೆ ಗೊತ್ತಿರಲಿಲ್ಲ. ಗೂಡ್ಸ್ ಗಾಡಿ ಬಲು ಉದ್ದವಿತ್ತು.

ಹರಿಹರದಲ್ಲಿ ಕೊಟ್ರವ್ವನ ತಮ್ಮ ಗುತ್ತೆಪ್ಪನ ಮನೆಯ ಪಡಸಾಲೆಯಲ್ಲಿ ದಬರಿ ಇಳಿಸಿ ಮುಚ್ಚಳ ತೆಗೆದಾಗ, ತಳಕ್ಕೆ ಹತ್ತಿದ ಅನ್ನ, ಒಂದು ಕೋಳಿಯ ಕಾಲು ಇಷ್ಟೇ ಇತ್ತು.

ಗುತ್ತೆಪ್ಪ ಬಗ್ಗಿ ನೋಡಿದ. “ಭಾವ, ಮಾಡಿ ತಂದೀರೋ, ಉಂಡು ತಂದೀರೋ?”

ಕೊಟ್ರವ್ವ ತಳ ಕೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡಳು. ಮೂಗು ಕೆಂಪಾಯಿತು. ಇನ್ನೊಂದು ಚೂರು ಹಾಕಿಕೊಂಡಳು. ಕೋಳಿಯ ಕಾಲು ಅಷ್ಟರೊಳಗೆ ಕಾಳವ್ವನ ಕೈಯಲ್ಲಿತ್ತು.

“ಇದು ಹೊನ್ನಕ್ಕ ಮಾಡಿಕೊಟ್ಟಿದ್ದಲ್ಲ ಅಂತ ಏನು ಗ್ಯಾರಂಟಿ?” ಅಂದಳು ಕೊಟ್ರವ್ವ. “ಇಲ್ಲೇ, ನನ್ನ ಕಣ್ಮುಂದೆ ಮಾಡ್ರಿ.”

ಗುತ್ತೆಪ್ಪ ಹೊಳೆಯಿಂದ ತಾಜಾ ಸಿಗಡಿ ತಂದ. ಮೈಲಾರಲಿಂಗಪ್ಪ ಅಂಗಿ ಬಿಚ್ಚಿ ಒಲೆಯ ಮುಂದೆ ಕೂತ. ಕೊಟ್ರವ್ವ ಮಣೆ ಹಾಕಿಕೊಂಡು ಪಕ್ಕದಲ್ಲಿ ಕೂತಳು. ಅವನು ಹುರಿಯುತ್ತ, ಕೆರೆಯುತ್ತ ಬೆವರುವುದನ್ನು ನೋಡಿ ನೋಡಿ ಕೇಳಿದಳು:

“ಆ ಲೂಯಿ ಇದನ್ನ ನಿಮಗ ಯಾಕ ಮಾಡಿಕೊಟ್ಟ?”

“ಮಲೇರಿಯಾ ಬಂದಿತ್ತು. ಡೇರೆಯಾಗ ಬಿದ್ದಿದ್ದೆ. ನೀರು ಕುಡಿದ್ರೂ ಕಹಿ. ಉಳಿಯಾಕಿಲ್ಲ ಅಂತ ನಮ್ಮೋರು ಮುಂದಕ್ಕೆ ಹೋದ್ರು. ಅವನು ಎಲ್ಲೆಲ್ಲಿಂದಲೋ ಸಾಮಾನು ತಂದು ಇದನ್ನ ಮಾಡಿ ತುತ್ತು ಮಾಡಿ ಬಾಯಿಗಿಟ್ಟ. ಅವತ್ತೇ ಮೊದಲು ನಾಲಿಗೆಗೆ ರುಚಿ ತಿಳೀತು.”

ಒಲೆಯಲ್ಲಿ ಸೌದೆ ಚಟಗುಟ್ಟಿತು. ಕಾಳವ್ವ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ಇದನ್ನ ಇಷ್ಟು ವರ್ಷ ಯಾಕ ಹೇಳ್ಲಿಲ್ಲ?” ಅಂದಳು ಕೊಟ್ರವ್ವ. ಅವಳ ದನಿ ಇಳಿದಿತ್ತು.

“ದಿನಾ ಹೇಳ್ತಿದ್ನಲ್ಲ!”

“ನೀವು ರುಚಿ ಅಂದ್ರಿ. ಜ್ವರ ಅಂತ ಯಾವತ್ತು ಅಂದ್ರಿ?”

ಮೈಲಾರಲಿಂಗಪ್ಪ ಯೋಚಿಸಿದ. ಅವಳು ಹೇಳಿದ್ದು ನಿಜವಿತ್ತು. ಅಕ್ಕಿ, ನೀರು ಹಾಕಿ ಮುಚ್ಚಿ, ಸ್ವಲ್ಪ ಹೊತ್ತಿಗೇ ಮುಚ್ಚಳಕ್ಕೆ ಕೈ ಹಾಕಿದ. ಕೊಟ್ರವ್ವ ಅವನ ಕೈಗೆ ಪಟ್ಟನೆ ಏಟು ಹಾಕಿದಳು.

“ಅದು ಬೇಯೋ ಹೊತ್ತಿನಾಗ ತೆಗೀಬ್ಯಾಡ್ರಿ. ನನಗೂ ಅಷ್ಟು ತಿಳೀತೈತೆ.”

ಆ ಸಂಜೆ ಎಲ್ಲರೂ ಮೂಗು ಒರೆಸಿಕೊಂಡು ಉಂಡರು. ಗುತ್ತೆಪ್ಪ ನಡುವೆ ಎರಡು ತಂಬಿಗೆ ನೀರು ಕುಡಿದ. ಕೊಟ್ರವ್ವ ಅನ್ನ ಬಡಿಸುವಾಗ ಗಂಡನ ತಟ್ಟೆಗೆ ಸಿಗಡಿಗಳನ್ನು ಆರಿಸಿ ಹಾಕಿದಳು.

ಬೆಳಿಗ್ಗೆ ಗಂಡ ಹೆಂಡತಿ ಬಸ್ಸಿಗೆ ಹೊರಟರು. ಕಾಳವ್ವ ಮಾತ್ರ ಗೋಡೆಗೆ ಒರಗಿ ಕಾಲು ಚಾಚಿಕೊಂಡೇ ಕೂತಿದ್ದಳು.

“ಏಳವ್ವ, ಹೊತ್ತಾತು” ಅಂದ ಮಗ.

“ನೀವು ನಡೀರಿ. ಗುತ್ತೆಪ್ಪ ನಾಳೆ ಬಾಳೆಮೀನು ತರ್ತೀನಿ ಅಂದಾನ” ಅಂದಳು ಕಾಳವ್ವ.