ಎಣಿಕೆ ತಪ್ಪಿದ ನಮಾಜು

ನಮ್ಮವರು ತೀರಿಕೊಂಡ ಹದಿನೇಳನೆಯ ದಿನ ನಾನು ಅಸರ್ ನಮಾಜನ್ನು ನಾಲ್ಕು ಸಲ ಶುರು ಮಾಡಿದೆ. ನಾಲ್ಕು ಸಲವೂ ಕೆಡಿಸಿಕೊಂಡೆ.

ಸಂಜೆಯ ಆ ನಮಾಜಿಗೆ ನಾಲ್ಕು ರಕಾತು. ನಿಂತು, ಬಾಗಿ, ಎರಡು ಸಲ ಹಣೆಯನ್ನು ನೆಲಕ್ಕೆ ಹಚ್ಚಿ ಸಜ್ದಾ ಮಾಡಿದರೆ ಒಂದು ರಕಾತು. ಸಣ್ಣ ಮಕ್ಕಳಿಗೂ ಬರುವ ಲೆಕ್ಕ. ನಾನೋ ದಾವಣಗೆರೆಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಹೇಳಿಕೊಟ್ಟವಳು. ಆದರೂ ಎರಡು ದಾಟಿದ ಮೇಲೆ ಇದು ಮೂರನೆಯದೋ ನಾಲ್ಕನೆಯದೋ ತಿಳಿಯದೆ ನಿಂತುಬಿಡುತ್ತಿದ್ದೆ. ಸಿಟ್ಟಿನಲ್ಲಿ ಕಾಲಡಿ ಹಾಸಿದ್ದ ಜಾನಮಾಜನ್ನು ಸುತ್ತಿ ಮೂಲೆಗೆ ಎಸೆದೆ. ಎಸೆದದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು. ಎತ್ತಿ ಕಣ್ಣಿಗೊತ್ತಿಕೊಂಡು ಮತ್ತೆ ಹಾಸಿದೆ.

ಕಾರಣ ನನಗೆ ಗೊತ್ತಿತ್ತು. ನಮ್ಮವರದು ಕುಂಟುಗಾಲು. ಮಸೀದಿಯ ಮೆಟ್ಟಿಲು ಹತ್ತಲಾರದೆ ಮನೆಯಲ್ಲೇ ನಮಾಜು ಮಾಡುತ್ತಿದ್ದರು. ನಾನು ಶಾಲೆಯಿಂದ ಬರುವವರೆಗೆ ಅಸರ್‌ಗೆ ಕಾಯುತ್ತಿದ್ದರು. ಮದುವೆಯಾದ ಇಪ್ಪತ್ತಾರು ವರ್ಷವೂ ಅವರು ಮುಂದೆ, ನಾನು ಹಿಂದೆ. ಎಣಿಕೆ ಮುಂದಿದ್ದವರದು, ಅವರು ಬಾಗಿದರೆ ನಾನು ಬಾಗುವುದು. ಅವರು ತಪ್ಪಿದರೆ ಹಿಂದಿರುವ ಹೆಂಗಸು ಬಾಯಿ ಬಿಡಬಾರದು, ಕೈ ಮೇಲೆ ಕೈ ತಟ್ಟಿ ತಿಳಿಸಬೇಕು. "ಏನು ಟೀಚರಮ್ಮ, ಇಷ್ಟು ವರ್ಷದಾಗ ಒಂದ್ಸಲನೂ ನನ್ನ ತಪ್ಪು ಹಿಡಿಯಾಕೆ ಆಗ್ಲಿಲ್ಲಲ್ಲ?" ಎಂದು ಕೆಣಕುತ್ತಿದ್ದರು.

ಅವರನ್ನು ಹರಿಹರದಲ್ಲಿ, ಅವರ ಹಿರಿಯರ ಪಕ್ಕದಲ್ಲಿ ಮಣ್ಣು ಮಾಡಿದ್ದರು. ನನಗೆ ಇದ್ದತ್, ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟುವಂತಿಲ್ಲ. ಮೈದುನ ಬಡೇಸಾಬ್ ಎರಡು ದಿನಕ್ಕೊಮ್ಮೆ ಬಸ್ಸಿಗೆ ಬಂದು ತಾಳ್ಮೆಯ ಅದೇ ಮಾತು ಹೇಳಿ ಹೋಗುತ್ತಿದ್ದ: "ಸಬರ್ ಮಾಡ್ರಿ ಭಾಬಿ."

"ಗೋರಿ ಮಣ್ಣು ಕುಸಿದೈತೇನಪ್ಪ?" ಎಂದು ಕೇಳಿದರೆ, "ಅದೆಲ್ಲ ನಿಮಗ್ಯಾಕ? ಸಬರ್ ಮಾಡ್ರಿ."

ಬಂದವರೆಲ್ಲರೂ ಸಬರ್ ಎನ್ನುವವರೇ. ಬೀಗ ಕೊಟ್ಟು ಬೀಗದಕೈ ಕೊಡದವರ ಹಾಗೆ. ಪಕ್ಕದ ಮನೆಯ ಬಸವಣ್ಣೆಮ್ಮ ಮಾತ್ರ ಏನೂ ಹೇಳುತ್ತಿರಲಿಲ್ಲ. ಬೀದಿ ನಳದಲ್ಲಿ ನೀರು ಬಂದಾಗ ನನ್ನ ಎರಡು ಕೊಡವನ್ನೂ ತುಂಬಿ, ತಟ್ಟೆ ಮುಚ್ಚಿ, ಬಾಗಿಲೊಳಗೆ ಇಟ್ಟು ಹೋಗುತ್ತಿದ್ದರು.

ಅಂದು ನನ್ನ ಫಜೀತಿ ನೋಡುತ್ತಿದ್ದವರು ಸುಗ್ರಾಬಿ ಖಾಲಾ. ನಮ್ಮವರ ತಾಯಿಯ ತಂಗಿ. ನನಗೆ ಜೊತೆಯಾಗಲೆಂದು ಹರಿಹರದಿಂದ ಹಿಂದಿನ ದಿನವಷ್ಟೇ ಬಂದಿದ್ದರು. ಮಂಚದ ಮೇಲೆ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

"ಎಷ್ಟನೇದು ಅದು?"

"ನಾಲ್ಕನೇದು ಖಾಲಾ."

"ರಕಾತಾ?"

"ಅಲ್ಲ, ಶುರು ಮಾಡಿದ್ದು."

ಖಾಲಾ ಬೊಚ್ಚು ಬಾಯಲ್ಲಿ ನಕ್ಕುಬಿಟ್ಟರು. ಸಾವಿನ ಮನೆಯಲ್ಲಿ ಹದಿನೇಳು ದಿನದಿಂದ ಯಾರೂ ನಕ್ಕಿರಲಿಲ್ಲ.

"ನಿಮ್ಮ ಶಾಲೆ ಹುಡುಗೀರು ಒಂದು ಲೆಕ್ಕ ತಪ್ಪಿದ್ರೆ ಇಡೀ ಪರೀಕ್ಷೆ ಮತ್ತೆ ಬರೆಸ್ತೀಯೇನು?"

"ಅದು ಶಾಲೆ. ಇದು ಅಲ್ಲಾನ ಮುಂದೆ."

"ಅದಕ್ಕೇ ಅಂದೆ. ಅನುಮಾನ ಬಂದ್ರೆ ಕಮ್ಮಿ ಲೆಕ್ಕ ಹಿಡಿ, ಮುಂದಕ್ಕೆ ನಡಿ. ಕೊನೇಲಿ ಎರಡು ಸಜ್ದಾ ಜಾಸ್ತಿ ಮಾಡು. ಮುಗೀತು. ಸಜ್ದಾ-ಎ-ಸಹೂ, ಮರೆವಿನ ಸಜ್ದಾ. ಮದರಸಾದಾಗ ಕಲಿಸಿಲ್ಲೇನು?"

ಕಲಿಸಿದ್ದರು. "ಅದು ಅಲಕ್ಷ್ಯ ಮಾಡೋರಿಗೆ ಖಾಲಾ" ಎಂದೆ.

"ಪೈಗಂಬರ್ ಸಾಹೇಬ್ರೇ ಒಂದ್ಸಲ ನಮಾಜಿನಾಗೆ ಎಣಿಕೆ ಮರೆತಿದ್ರು, ಹಿಂದಿನೋರು ನೆನಪು ಮಾಡಿದ್ರು. ನೀನೇನು ಅವರಿಗಿಂತ ದೊಡ್ಡ ಲೆಕ್ಕದ ಟೀಚರ್ರಾ?" ಖಾಲಾ ಬೆಳ್ಳುಳ್ಳಿ ಸಿಪ್ಪೆ ಊದಿದರು. "ಮನುಷ್ಯನ ತಲಿ ನೆಟ್ಟಗಿರದ ದಿನಾನೂ ಬರ್ತಾವಂತ ಅಲ್ಲಾನಿಗೆ ಗೊತ್ತಿಲ್ಲೇನು? ಗೊತ್ತಿದ್ದಕ್ಕೇ ದಾರಿ ಇಟ್ಟಾನೆ."

ಖಾಲಾ ಇನ್ನೊಂದು ಬೆಳ್ಳುಳ್ಳಿ ಬಿಡಿಸುತ್ತ, "ಗೋರಿ ಮಣ್ಣು ಕೇಳ್ತಿದ್ದಿಯಂತಲ್ಲ, ಕುಸಿದಿಲ್ಲ, ಬೇಟಿ. ಗಟ್ಟಿ ಕೂತೈತೆ. ತಲೆಕಡೆ ಬೇವಿನ ಗಿಡ ಐತೆ, ಹೊತ್ತಿಳಿದ್ರೆ ನೆರಳು ಬೀಳ್ತೈತೆ. ಖಬರಸ್ತಾನದ ಗೋಡೆ ಈಚೆಯಿಂದ ನೋಡಿಕೊಂಡೇ ಬಸ್ಸು ಹತ್ತಿದೆ" ಎಂದರು.

ನಾನು ಎದ್ದು ನಿಂತೆ. "ಜಾನಮಾಜ್ ಮುಂದಕ್ಕೆ ಎಳ್ಕೊ. ಯಾಕ ಅಷ್ಟು ಹಿಂದೆ ಹಾಸಿದ್ದಿ?" ಎಂದರು ಖಾಲಾ.

ಆಗಲೇ ನಾನೂ ನೋಡಿದ್ದು. ಇಷ್ಟು ದಿನವೂ ನಮ್ಮವರ ಜಾಗ ಬಿಟ್ಟೇ ಹಾಸುತ್ತಿದ್ದೆ.

"ಇವತ್ತು ಬ್ಯಾಡ ಖಾಲಾ."

"ಆತು ಬಿಡು."

ಐದನೆಯ ಸಲವೂ ಎಣಿಕೆ ತಪ್ಪಿತು. ಹಲ್ಲು ಕಚ್ಚಿ ಕಡಿಮೆ ಲೆಕ್ಕ ಹಿಡಿದೆ, ಇನ್ನೊಂದು ರಕಾತು ಮಾಡಿದೆ. ಕೊನೆಯಲ್ಲಿ ಆ ಎರಡು ಸಜ್ದಾ. ಎರಡನೆಯದರಲ್ಲಿ ಹಣೆ ನೆಲಕ್ಕೆ ತಾಗಿದಾಗ ಹೊಳೆಯಿತು, ಅವರ ಹಿಮ್ಮಡಿಗಳು ಇರುತ್ತಿದ್ದದ್ದು ಅಲ್ಲಿಂದ ಒಂದು ಗೇಣು ಆಚೆ. ಅಲ್ಲೇ ಅತ್ತೆ. ಮೇಲೇಳು ಎಂದು ಯಾರೂ ಹೇಳಲಿಲ್ಲ, ಸಬರ್ ಎಂದೂ ಹೇಳಲಿಲ್ಲ. ಬಾಗಿಲ ಬಳಿ ಬಸವಣ್ಣೆಮ್ಮ ಕೊಡ ಇಳಿಸಿ ತಟ್ಟೆ ಮುಚ್ಚಿದ ಸದ್ದು ಕೇಳಿತು.

ಅಂದು ನಾನು ಮಾಡಿದ್ದು ನಾಲ್ಕು ರಕಾತೋ ಐದೋ ಇವತ್ತಿಗೂ ಗೊತ್ತಿಲ್ಲ. ನಮಾಜು ಮುಗಿಸುವ ಸಲಾಮು ತಿರುಗಿಸಿ ಜಾನಮಾಜು ಮಡಿಸಿದೆ. ಮತ್ತೆ ಶುರು ಮಾಡಲಿಲ್ಲ.