ಕಾಲರಿನಲ್ಲಿ ಹೊಗೆ

ಬಂತು, ಕಾಲರಿಗೆ ಇಸ್ತ್ರಿಪೆಟ್ಟಿಗೆ ತಾಗಿದ್ದೇ ತಡ ಬಂತು, ಸಿಗರೇಟಿನದೇ, ಆರಿಹೋದ ಸಿಗರೇಟಿನ ಆ ಕಮಟು — ಒಣ ಬಟ್ಟೆ ಗುಟ್ಟು ಕಾಯುತ್ತದೆ, ನೀರು ಚಿಮುಕಿಸಿ ಬಿಸಿ ಒತ್ತಿದರೆ ಎಲ್ಲ ಕಕ್ಕುತ್ತದೆ, ಇಷ್ಟು ವರ್ಷ ಊರವರ ಅಂಗಿ ಇಸ್ತ್ರಿ ಮಾಡಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ, ಯಾರ ಮನೆಯಲ್ಲಿ ಮಗು ಹಾಲು ಕಾರಿದೆ, ಯಾರು ನಾಯಿಯನ್ನು ಹಾಸಿಗೆಗೆ ಹತ್ತಿಸುತ್ತಾರೆ, ಎಲ್ಲ ಗೊತ್ತು, ಆದರೆ ಇದು ಗಿರಾಕಿಯ ಅಂಗಿಯಲ್ಲ, ಇವರದು, ನನ್ನ ಗಂಡನದು. ಅಗೋ, ಅಂಗಡಿ ಮೆಟ್ಟಿಲ ಮೇಲೆ ಕೂತು ಏನೂ ಅರಿಯದವರ ಹಾಗೆ ಗುಂಡಿ ಹೊಲಿಯುತ್ತಿದ್ದಾರೆ, ಎದೆ ಸೀಳಿಸಿ ಹೊಲಿಸಿಕೊಂಡು ಬಂದ ಮನುಷ್ಯ, ಇನ್ನೊಂದು ಸೇದಿದ್ರೆ ನನ್ ಹತ್ರ ಬರಬೇಡಿ, ನೇರ ಮಣ್ಣಿಗೆ ಹೋಗಿ ಎಂದು ಹೃದಯದ ಡಾಕ್ಟರು ಬೈದು ಕಳಿಸಿದ್ದರು, ಇನ್ನು ಮುಟ್ಟಲ್ಲ ಕಣೇ ಎಂದು ಇವರು ನನ್ನ ಕೈ ಹಿಡಿದು ಅತ್ತಿದ್ದರು — ನೋವಿದ್ದಾಗ ಯಾರು ತಾನೇ ಅಳುವುದಿಲ್ಲ. ರೀ, ಸೇದಿದ್ರಾ? ಲೇ, ಮತ್ತೆ ಶುರು ಮಾಡಿದ್ಯಾ, ನಿನ್ ಮೂಗಿನ ತುದೀಲಿ ಸಿಟ್ಟೇ ಕೂತಿದೆ, ವಾಸನೆಗೆಲ್ಲಿ ಜಾಗ, ಎಂದು ನಗುತ್ತಾರೆ, ನಗುತ್ತಾ ಜೇಬು ಸವರಿಕೊಂಡರು, ನೋಡಿದೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೂಗಿನ ಡಾಕ್ಟರ ಹತ್ತಿರ ನನ್ನನ್ನು ಎಳೆದುಕೊಂಡು ಹೋದವರೂ ಇವರೇ, ಮೊದಲು ತಾವೊಬ್ಬರೇ ಒಳಗೆ ಹೋಗಿ ಅವರ ಕಿವಿಗೆ ಏನು ಊದಿದರೋ. ನೋಡಮ್ಮಾ, ಎಂದರು ಆ ಡಾಕ್ಟರು, ವಾಸನೆಯ ಕಣ ಉಸಿರಿನ ಜೊತೆ ಮೂಗಿನ ಮೇಲ್ಗಡೆಗೆ ಹೋಗಿ ಅಂಟುತ್ತೆ, ಅಲ್ಲಿರೋ ನರಗಳು ಮೆದುಳಿಗೆ ಸುದ್ದಿ ಮುಟ್ಟಿಸ್ತವೆ, ನೆನಪಿನ ಮನೆ ಅಲ್ಲೇ ಪಕ್ಕದಲ್ಲಿದೆ, ನಿಮಗೆ ಬಂದಿದ್ದ ಜ್ವರಕ್ಕೆ ಆ ನರ ಸತ್ತು ಮತ್ತೆ ಚಿಗುರಿವೆ, ಎಲ್ಲೆಲ್ಲೋ ತಗುಲ್ಕೊಂಡಿವೆ, ಅದಕ್ಕೇ ಇಲ್ಲದ ಹೊಗೆ ಬರುತ್ತೆ. ಇಲ್ಲದ ಹೊಗೆಯಂತೆ! ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ, ಮಗಳ ಮೂಗಿಗೂ ಅಂಗಿ ಹಿಡಿದಿದ್ದೆ, ನಂಗೇನೂ ಬರ್ತಿಲ್ಲಮ್ಮ, ಸೋಪಿನ ವಾಸನೆ ಅಷ್ಟೆ, ಎಂದಳು, ಅಪ್ಪನ ಮಗಳು, ಅಪ್ಪ ಕೆಮ್ಮಿದರೂ ಹಾಡು ಎನ್ನುತ್ತಾಳೆ. ಪರೀಕ್ಷೆಯೊಂದಿದೆ, ಡಾಕ್ಟರೇ ಹೇಳಿದ್ದು, ವಾಸನೆ ಬಂದಾಗ ಮೂಗು ಹಿಡ್ಕೊಳ್ಳಿ, ಬಾಯೂ ಮುಚ್ಚಿ, ಗಂಟಲ ಹಿಂದಿನಿಂದಲೂ ಹತ್ತುತ್ತೆ ಅದು, ಉಸಿರು ಕಟ್ಟಿ, ಹೋಯ್ತೋ ಹೊರಗಿಂದು, ಉಳೀತೋ ಒಳಗಿಂದು. ಮಾಡಲಿಲ್ಲ ಇಷ್ಟು ದಿನ, ಯಾಕೆ ಮಾಡಲಿ, ಹೋದರೆ ಇವರು ಸಾಯುತ್ತಿದ್ದಾರೆ, ಉಳಿದರೆ ನನ್ನ ತಲೆ ಕೆಟ್ಟಿದೆ — ಸಾಕು, ಪೆಟ್ಟಿಗೆ ನೆಟ್ಟಗೆ ನಿಲ್ಲಿಸಿದೆ, ಮೂಗು ಚಿವುಟಿ ಹಿಡಿದೆ, ಬಾಯಿ ಬಿಗಿದೆ, ಕಿವಿಯಲ್ಲಿ ಗುಂಯ್ ಎನ್ನುತ್ತಿದೆ, ಹೋಗು, ಹೋಗು — ಹೋಗುತ್ತಿಲ್ಲ, ಇನ್ನೂ ಗಟ್ಟಿಯಾಗಿದೆ, ಒಳಗೇ ಇದೆ. ಪಾಪ, ಸೇದಿಲ್ಲ ಇವರು, ಬೈದದ್ದೆಲ್ಲ ದಂಡ — ತಡಿ, ತಡಿ, ಇಲ್ಲದ ಹೊಗೆ ದಿನವೂ ಬರುವ ಮೂಗಿಗೆ ಇರುವ ಹೊಗೆ ಬಂದರೆ ಗೊತ್ತಾಗುವುದು ಹೇಗೆ, ಮನೆಗಿದ್ದದ್ದು ಈ ಮೂಗೊಂದೇ ಕಾವಲು ನಾಯಿ, ಅದೂ ಗಾಳಿಗೆ ಬೊಗಳುತ್ತದೆ, ಇವರಿಗೂ ಗೊತ್ತು ಅದು, ಡಾಕ್ಟರು ಹೇಳುವಾಗ ಪಕ್ಕದಲ್ಲೇ ಕೂತು ತಲೆಯಾಡಿಸಿದ್ದರು, ಇನ್ನು ಸೇದಿದರೂ ಸೇದದಿದ್ದರೂ ನನಗೆ ಒಂದೇ ವಾಸನೆ, ಈಗ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ಬೀದಿ ನೋಡುತ್ತಿದ್ದಾರೆ, ಬಲಗೈ ಮೊಣಕಾಲ ಮೇಲೆ, ತೋರುಬೆರಳು, ನಡುಬೆರಳು, ನಡುವೆ ಸಣ್ಣ ಸಂದು, ಏನೂ ಇಲ್ಲ ಅದರಲ್ಲಿ, ಬರೀ ಸಂದು, ಮುಚ್ಚುವುದೂ ಇಲ್ಲ, ಆ ಎರಡು ಬೆರಳು, ಆ ಸಂದು —