ನಡುವಿನ ಪದಗಳು

ಮುನಿರಾಜುವಿಗೆ ಇಂಗ್ಲಿಷ್ ಅಕ್ಷರ ಕೂಡಿಸಿ ಓದುವಷ್ಟು ಮಾತ್ರ ಬರುತ್ತಿತ್ತು. ಆದರೂ ಹೆಂಡತಿಗೆ ಅವನೇ ಇಂಗ್ಲಿಷ್ ಮೇಷ್ಟರು. ಬೆಳಗ್ಗೆ ಶಶಿರೇಖ ಹಾಲು ಕರೆಯಲು ಕೂತರೆ ಇವನು ಗೈಡು ಹಿಡಿದು ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದ.

"ಈಚ್ ಆಫ್ ದಿ ಗರ್ಲ್ಸ್... ಹ್ಯಾಸ್ಸೋ, ಹ್ಯಾವೋ?"

"ಆಫ್ ದಿ ಗರ್ಲ್ಸ್ ಮುಚ್ಚು."

ರಾಬರ್ಟ್‌ಸನ್‌ಪೇಟೆಯ ಟ್ಯುಟೋರಿಯಲ್ ಮೇಷ್ಟರು ಹೇಳಿಕೊಟ್ಟ ಉಪಾಯವದು. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಬರುವ ಪದಗಳೇ ದಾರಿ ತಪ್ಪಿಸುವುದು, ಅವನ್ನು ಬೆರಳಿಂದ ಮುಚ್ಚಿ ನೋಡಿ ಅಂದಿದ್ದರು. ಅವಳ ಕೈ ಕೆಚ್ಚಲಲ್ಲಿ ಇರುತ್ತಿದ್ದುದರಿಂದ ಮುಚ್ಚುವ ಹೆಬ್ಬೆರಳು ಮುನಿರಾಜುವಿನದು. ಗೈಡಿನ ತುಂಬ ಸಗಣಿ ಗುರುತು.

ಹಿಂದೆ ಎರಡು ಸಲ ಸರ್ಕಾರಿ ಗುಮಾಸ್ತೆ ಪರೀಕ್ಷೆ ಬರೆದಾಗಲೂ ಈ ಹಾಳು ಪ್ರಶ್ನೆಗಳಲ್ಲೇ ಅವಳಿಗೆ ಕೆಲಸ ತಪ್ಪಿತ್ತು. ಬಂಗಾರಪೇಟೆಯ ಆಫೀಸಿನಲ್ಲಿ ಕೂತು ಕನ್ನಡದಲ್ಲಿ ಅರ್ಜಿ ತಗೊಳ್ಳೋಳಿಗೆ ಹ್ಯಾಸು ಹ್ಯಾವು ಯಾಕೆ ಬೇಕೋ, ಪ್ರಶ್ನೆ ತೆಗೆದ ಪುಣ್ಯಾತ್ಮರನ್ನೇ ಕೇಳಬೇಕು. ಈ ಸಲವೂ ಹೋದರೆ ವಯಸ್ಸು ಮೀರುತ್ತದೆ, ಮತ್ತೆ ಪರೀಕ್ಷೆ ಬರೆಯುವಂತಿಲ್ಲ.

ಪರೀಕ್ಷೆಯ ದಿನ ಬಂಗಾರಪೇಟೆಯ ಕಾಲೇಜಿನ ಗೇಟಿನಲ್ಲಿ ಫೋನು ಒಳಗೆ ಬಿಡಲ್ಲ ಅಂದರು. ಶಶಿರೇಖ ಅದನ್ನು ಗಂಡನ ಕೈಗಿಟ್ಟು ಸಾಲಿನಲ್ಲಿ ನಿಂತಳು. ಸಾಲು ಇನ್ನೂ ಸರಿಯುತ್ತಿರುವಾಗಲೇ ಫೋನು ಬಡಿದುಕೊಂಡಿತು. ಬೇತಮಂಗಲದಿಂದ ಅವಳ ಅಣ್ಣನ ಹೆಂಡತಿ ಅರುಣಕುಮಾರಿ.

"ಅಣ್ಣಾ, ಅತ್ತೆಗೆ ಮೇಲುಸಿರು ಬಂದೈತೆ. ಡಾಕ್ಟ್ರು ಕೈಯೆತ್ತಿದ್ರು. ಬಾಯಿಗೆ ಆಲು ಬಿಡ್ಬೇಕು, ಶಶಿನ ಕರ್ಕಂಡ್ ಬಂದ್ಬುಡು."

ತಿಂಗಳಿಂದ ಹಾಸಿಗೆ ಹಿಡಿದಿದ್ದ ಶಶಿರೇಖಳ ತಾಯಿ ಕದಿರಮ್ಮ, ಒಂದು ಕಾಲಕ್ಕೆ ಊರಲ್ಲಿ ಯಾರ ಜೀವ ಎಳೆಯುತ್ತಿದ್ದರೂ ಮೊದಲು ಕರೆಸಿಕೊಳ್ಳುತ್ತಿದ್ದ ಹೆಂಗಸು. ಹೋಗಿ ಹಾಸಿಗೆ ಪಕ್ಕ ಕೂತು, ಅಳುವವರನ್ನು ಗದರಿಸುತ್ತಿದ್ದಳು: "ಯಾಕ್ಲಾ ಬಡ್ಕಂತೀರ? ಬರ್ಬೇಕಾದೋರು ಬಂದು ಆಲು ಬಿಡೋಗಂಟ ಜೀವ ಎಲ್ಗೂ ಓಗಲ್ಲ." ಆಕೆ ಹೇಳಿದ್ದು ಸುಳ್ಳಾದದ್ದನ್ನು ಮುನಿರಾಜು ಕಂಡಿರಲಿಲ್ಲ. ಅಂಥವಳ ಜೀವ ಮಗಳು ಬರುವ ತನಕ ಕಾಯದೇ ಇರುತ್ತದೆಯೇ? ಒಂದು ಪರೀಕ್ಷೆಯಷ್ಟು ಹೊತ್ತು ತಾನೆ!

"ಬತ್ತೀವಿ" ಅಂದ.

ಗೇಟು ದಾಟುವಾಗ ಶಶಿರೇಖ ತಿರುಗಿ ನೋಡಿ, ನಗುತ್ತಾ ಹೆಬ್ಬೆರಳು ತೋರಿಸಿದಳು. ಕರೆಯಬೇಕಿದ್ದರೆ ಆಗಲೇ ಕರೆಯಬೇಕಿತ್ತು. ಮುನಿರಾಜು ತಾನೂ ಹೆಬ್ಬೆರಳು ಎತ್ತಿದ. ಆಮೇಲೆ ಫೋನು ಮತ್ತೆ ಮತ್ತೆ ಬಡಿದುಕೊಂಡಿತು. ಅವನು ಆ ಹೆಸರಿನ ಮೇಲೆ ಬೆರಳಿಟ್ಟು, ಅದು ಸುಮ್ಮನಾಗುವ ತನಕ ಗೋಡೆ ನೋಡುತ್ತಾ ನಿಂತ.

ಅವಳು ಓಡುತ್ತಲೇ ಹೊರಗೆ ಬಂದಳು. "ಇಂಗ್ಲಿಷ್ ಒಂದೂ ಬಿಡ್ಲಿಲ್ಲ! ಪೇಪರ್ ಮ್ಯಾಗೆ ನಿನ್ನ ಬೆರಳೇ ಕಾಣ್ತಿತ್ತು. ಫೋನ್ ಕೊಡು, ಅಮ್ಮುಂಗೆ ಮೊದ್ಲು ಯೋಳ್ಬೇಕು."

"ಅಮ್ಮುಂಗೆ ಜಾಸ್ತಿಯಾಗೈತೆ. ಬೈಕ್ ಅತ್ತು, ಓಗಾನ."

ಬೈಕಿನಲ್ಲಿ ಅವಳು ಅವನ ಅಂಗಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬೇತಮಂಗಲದ ಮನೆ ಮುಂದೆ ಆಗಲೇ ಸೌದೆ ಬೆಂಕಿ ಹಾಕಿದ್ದರು. ಅದನ್ನು ಕಂಡ ಕೂಡಲೇ ಹಿಡಿದ ಕೈ ಬಿಟ್ಟಳು.

ಅರುಣಕುಮಾರಿ ಎದೆ ಬಡಿದುಕೊಂಡಳು. "ಬಾಕ್ಲ ಕಡೇನೇ ನೋಡ್ತಿದ್ಲಲ್ಲ ಶಶಿ! ನಾವು ಆಲು ಬಿಡಾಕ್ ಓದ್ರೆ ಬಾಯಿ ಬಿಗ್ಯಾಗಿ ಮುಚ್ಕಂಡ್ಳು. ಪರೀಕ್ಷೆ ಸುರುವಾಗೋ ಮುಂಚೇನೇ ಮುನಿರಾಜಣ್ಣಂಗೆ ಫೋನ್ ಮಾಡಿದ್ನಲ್ಲೇ."

ಶಶಿರೇಖ ಗಂಡನನ್ನು ಒಂದು ಸಲ ನೋಡಿದಳು. ಯಾರೋ ಕೊಟ್ಟ ಲೋಟದಿಂದ ತಾಯಿಯ ತುಟಿಗೆ ಹಾಲು ಬಿಟ್ಟಳು. ಅದು ಕೆನ್ನೆಯ ಮೇಲೆ ಹರಿದು ದಿಂಬು ಸೇರಿತು. ಸೆರಗಿನಿಂದ ಒರೆಸಿ ಮತ್ತೆ ಬಿಟ್ಟಳು.

"ಜೀವ ಕಾಯ್ತದೆ ಅಂದ್ಕಂಡೆ ಕಣೇ" ಅಂದ ಮುನಿರಾಜು.

"ಕಾದ್ಲಲ್ಲ" ಅಂದಳು ಅವಳು.

ಅವಳಿಗೆ ಕೆಲಸ ಸಿಕ್ಕಿತು. ಬಂಗಾರಪೇಟೆಯ ಬಸ್ಸು ಹಿಡಿಯಬೇಕಾದ್ದರಿಂದ ಈಗ ಹಾಲು ಕರೆಯುವುದು ಮುನಿರಾಜು. ಅವನಿಗೆ ಊಟಕ್ಕೆ ಬಡಿಸುತ್ತಾಳೆ, ಸಂಬಳ ಅವನ ಕೈಗೇ ಕೊಡುತ್ತಾಳೆ, ಜಗಳವಂತೂ ಒಂದಿನವೂ ಆಡಿಲ್ಲ. ಬೆಳಗ್ಗೆ ಅವನು ಹಾಲಿನ ಚೆಂಬು ಚಾಚಿದರೆ ಮಾತ್ರ ಕೈ ಒಡ್ಡುವುದಿಲ್ಲ.

"ಕಟ್ಟೆ ಮ್ಯಾಗಿಕ್ಕು" ಅನ್ನುತ್ತಾಳೆ.

ಅವನು ಇಟ್ಟು ಆಚೆ ಹೋದ ಮೇಲೆ ತಗೊಳ್ಳುತ್ತಾಳೆ.